ಓದುಗರ ಪ್ರಶ್ನೆ: ಹೆಡ್‌ಫೋನ್ ಆಂಪ್‌ನ ಐಸಿ ಬದಲಿಸಿದರೆ ದನಿ ಸುಧಾರಿಸುತ್ತದೆಯೇ?

ಹೋದ ತಿಂಗಳ ಸಂಚಿಕೆಯಲ್ಲಿ ಜೇಬಿಗೆ ಹಿಡಿಸುವಂಥ ಹೆಡ್‌ಫೋನ್ ಆಂಪ್ಲಿಫೈಯರ್ ಒಂದನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತವೆ: ಬೇಸ್‌ನಲ್ಲಿ (ಸಾಕೆಟ್‌ನಲ್ಲಿ) ಕೂತಿರುವ ಐಸಿ, ಅಂದರೆ ಸಿಗ್ನಲನ್ನು ಹಿಗ್ಗಿಸುವ ಚಿಪ್, ಅದನ್ನು ಕಿತ್ತು ಬೇರೆಯದನ್ನು ಹಾಕಿದರೆ ದನಿ ಎಷ್ಟು ಚೆನ್ನಾಗಿ ಆಗುತ್ತದೆ, ಯಾವುದನ್ನು ಹಾಕಬೇಕು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಆ ಸಂಚಿಕೆ ಸಿಗದವರಿಗಾಗಿ ಸರ್ಕ್ಯೂಟನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1990ರ ದಶಕದಲ್ಲಿ ಚು ಮೊಯ್ ಎಂಬವರು ಪ್ರಕಟಿಸಿದ, ಈಗಲೂ ‘ಸೀಮೊಯ್’ ಎಂದೇ ಕರೆಸಿಕೊಳ್ಳುವ ವಿನ್ಯಾಸ ಅದು. ಒಂದು 9 ವೋಲ್ಟ್ ಬ್ಯಾಟರಿ. ಅದನ್ನು ಎರಡು 4.7ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್ ಮತ್ತು ಎರಡು 220 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ ನಡುವೆ ಸೀಳಿ, ಆ ನಡುಬಿಂದುವನ್ನೇ ಗ್ರೌಂಡ್ ಎಂದು ಇಟ್ಟುಕೊಳ್ಳುತ್ತೇವೆ. ವಾಲ್ಯೂಮ್ ಪಾಟ್ ದಾಟಿ ಬಂದ ಸಿಗ್ನಲ್ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಐಸಿಗೆ ಹೋಗುತ್ತದೆ. ಅಲ್ಲಿಂದ ಗ್ರೌಂಡ್‌ಗೆ ಒಂದು 100ಕೆ. ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಎಂಬುದನ್ನು ನಿರ್ಧರಿಸುವುದು 10ಕೆ ಮತ್ತು 1ಕೆ ಜೋಡಿ; 10ನ್ನು 1ರಿಂದ ಭಾಗಿಸಿ ಒಂದು ಕೂಡಿಸಿದರೆ 11 ಪಟ್ಟು. ಎಂಟು ಕಾಲಿನ ಬೇಸ್‌ನಲ್ಲಿ ಓಪಿಎ 2134. ಮುಂದಿನ ಉತ್ತರಗಳಲ್ಲಿ ಈ ಅಂಕಿಗಳು ಮತ್ತೆ ಮತ್ತೆ ಬರುತ್ತವೆ, ನೆನಪಿರಲಿ.

ಪ್ರಶ್ನೆ: ಸರ್, ನಿಮ್ಮ ಸರ್ಕ್ಯೂಟನ್ನು ಡಾಟ್ ಬೋರ್ಡ್ ಮೇಲೆ ಕಟ್ಟಿದೆ, ಚೆನ್ನಾಗಿ ಹಾಡಿತು. ಎನ್‌ಇ 5532 ಇನ್ನೂ ಒಳ್ಳೆಯದು ಎಂದು ಕೇಳಿ ಅದನ್ನು ಹಾಕಿದೆ. ಈಗ ದನಿ ಸೀಳಿದಂತೆ ಬರುತ್ತದೆ, ಸಣ್ಣ ವಾಲ್ಯೂಮ್‌ನಲ್ಲೂ. ಹೆಡ್‌ಫೋನ್ 32 ಓಮ್. ಹೆಡ್‌ಫೋನ್ ತೆಗೆದು ಮೀಟರ್ ಇಟ್ಟರೆ ಔಟ್‌ಪುಟ್‌ನಲ್ಲಿ ಎರಡೂ ಕಡೆ 0.2 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ಡಿಸಿ ತೋರಿಸುತ್ತದೆ. ಐಸಿ ಕೆಟ್ಟಿದೆಯೇ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಐಸಿ ಕೆಟ್ಟಿಲ್ಲ. ಮೀಟರ್ ಇಟ್ಟು ನೋಡಿ ಬರೆದಿರಲ್ಲ, ಅದಕ್ಕೆ ನಿಮಗೆ ಶಹಬ್ಬಾಸ್. ಆ ಒಂದು ಅಂಕಿ ಇಲ್ಲದಿದ್ದರೆ ನಾನು ಮೈಸೂರಿನಲ್ಲಿ ಕೂತು ಕಣಿ ಹೇಳಬೇಕಾಗುತ್ತಿತ್ತು.

ಎನ್‌ಇ 5532 ನಿಜಕ್ಕೂ ಒಳ್ಳೆಯ ಐಸಿ. ದಶಕಗಳಿಂದ ರೆಕಾರ್ಡಿಂಗ್ ಮಿಕ್ಸರ್‌ಗಳ ಒಳಗೆ ಸಾಲುಸಾಲಾಗಿ ಕೂತಿರುವುದು ಅದೇ. ನನ್ನ ರಿಪೇರಿ ಮೇಜಿಗೆ ಬರುವ ಮಿಕ್ಸರ್‌ಗಳಲ್ಲೂ ಅದನ್ನು ನೋಡದ ವಾರ ಇಲ್ಲ. ಆದರೆ ಅದರ ಒಳಗೆ ಇನ್‌ಪುಟ್‌ನಲ್ಲಿರುವುದು ಸಾಧಾರಣ ಬೈಪೋಲಾರ್ ಟ್ರಾನ್ಸಿಸ್ಟರ್. ಕೆಲಸ ಮಾಡಬೇಕಾದರೆ ಆ ಟ್ರಾನ್ಸಿಸ್ಟರ್‌ನ ಬೇಸ್ ಎಂಬ ಕಾಲಿಗೆ (ಐಸಿ ಕೂರುವ ಬೇಸ್ ಅಲ್ಲ) ಒಂದಿಷ್ಟು ಕರೆಂಟ್ ಹರಿಯಲೇಬೇಕು. 5532ಕ್ಕೆ ಅದು ಸುಮಾರು 200 ನ್ಯಾನೋ ಆಂಪಿಯರ್. ಓಪಿಎ 2134ರ ಇನ್‌ಪುಟ್‌ನಲ್ಲಿರುವುದು ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್. ಅದಕ್ಕೆ ಬೇಕಾದದ್ದು ಸುಮಾರು 5 ಪಿಕೋ ಆಂಪಿಯರ್, ಅಂದರೆ ನಲವತ್ತು ಸಾವಿರದಲ್ಲಿ ಒಂದು ಪಾಲು.

ಈಗ ನಿಮ್ಮ ಬೋರ್ಡಿನಲ್ಲಿ ಆ ಕರೆಂಟ್ ಬರುವುದು ಎಲ್ಲಿಂದ? 100ಕೆ ಮೂಲಕ. 200 ನ್ಯಾನೋ ಆಂಪಿಯರನ್ನು 100ಕೆಯಿಂದ ಗುಣಿಸಿ: 20 ಮಿಲಿವೋಲ್ಟ್. ಆ 20 ಮಿಲಿವೋಲ್ಟ್ ನಿಮ್ಮ ಹಾಡಿನ ಜೊತೆಗೇ 11 ಪಟ್ಟು ಹಿಗ್ಗಿ 220 ಮಿಲಿವೋಲ್ಟ್ ಆಗಿ ಔಟ್‌ಪುಟ್‌ನಲ್ಲಿ ನಿಲ್ಲುತ್ತದೆ. ನೀವು ಮೀಟರ್‌ನಲ್ಲಿ ಕಂಡದ್ದು ಇದನ್ನೇ.

ಸೀಳು ಬರುವುದು ಇದರ ಮುಂದಿನ ಹಂತದಲ್ಲಿ. ಹೆಡ್‌ಫೋನ್ ಚುಚ್ಚಿದ ಕೂಡಲೇ 220 ಮಿಲಿವೋಲ್ಟ್ 32 ಓಮ್‌ಗೆ ಸಿಗುತ್ತದೆ. ಒಂದೊಂದು ಕಿವಿಗೆ ಸುಮಾರು 7 ಮಿಲಿ ಆಂಪಿಯರ್ ಹರಿಯಲು ನೋಡುತ್ತದೆ. ಅಷ್ಟನ್ನೂ ನಡುಬಿಂದುವೇ ಕೊಡಬೇಕು. ಅಲ್ಲಿರುವುದು ಎರಡು 4.7ಕೆ ರೆಸಿಸ್ಟರ್, ಅವುಗಳಲ್ಲಿ ಹರಿಯುವುದೇ ಸುಮಾರು 1 ಮಿಲಿ ಆಂಪಿಯರ್. ಕೊಡಲು ಆಗದೆ ನಡುಬಿಂದು ಜಾರುತ್ತದೆ. ಹೆಡ್‌ಫೋನ್ ಚುಚ್ಚಿದ ಹಾಗೇ ಬ್ಯಾಟರಿಯ ಮೈನಸ್‌ಗೂ ನಡುಬಿಂದುವಿಗೂ ಮೀಟರ್ ಹಿಡಿಯಿರಿ. 4.5 ಇರಬೇಕಾದ ಕಡೆ ಬಹಳ ಕೆಳಗಿರುತ್ತದೆ. ಒಂದು ಪಕ್ಕಕ್ಕೆ ಜಾಗವೇ ಉಳಿಯದೆ ಸಿಗ್ನಲ್‌ನ ಅರ್ಧ ತಲೆ ಕಡಿದುಹೋಗುತ್ತಿದೆ. ನೀವು ಕೇಳುತ್ತಿರುವ ಸೀಳು ಅದೇ.

ದಾರಿ ಎರಡಿವೆ. ಸುಲಭದ್ದು: 2134ನ್ನೇ ಮತ್ತೆ ಕೂರಿಸುವುದು. 5532 ಬೇಕೇ ಬೇಕು ಎಂದರೆ ಅದರ ಸುತ್ತಲಿನದನ್ನೂ ಬದಲಿಸಬೇಕು. 100ಕೆ ತೆಗೆದು 10ಕೆ ಹಾಕಿ. 20 ಮಿಲಿವೋಲ್ಟ್ ಇದ್ದದ್ದು 2ಕ್ಕೆ ಇಳಿಯುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಬಾಸ್ ಹೋಗುತ್ತದೆ, ಏಕೆಂದರೆ 0.1 ಮೈಕ್ರೋಫ್ಯಾರಡ್ ಜೊತೆ 10ಕೆ ಸೇರಿದರೆ ಸುಮಾರು 160 ಹರ್ಟ್ಜ್‌ನಿಂದ ಕೆಳಗೆಲ್ಲ ಇಳಿಜಾರು. ತಬಲಾದ ಡಗ್ಗಾ ತಗಡು ಬಡಿದಂತೆ ಕೇಳುತ್ತದೆ. ಹಾಗಾಗಿ ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಆಗಬೇಕು, ಫಿಲಂ ಬಗೆಯದು. ಆಗ ಮೊದಲಿನಂತೆ 16 ಹರ್ಟ್ಜ್‌ವರೆಗೆ ಇಳಿಯುತ್ತದೆ. ಗೇನ್ ನಿರ್ಧರಿಸುವ ಜೋಡಿಯಲ್ಲಿರುವ (ಫೀಡ್‌ಬ್ಯಾಕ್‌ನ) 10ಕೆ ತೆಗೆದು 2ಕೆ ಹಾಕಿದರೆ ಗೇನ್ 3 ಆಗಿ ಔಟ್‌ಪುಟ್ ಡಿಸಿ ಸುಮಾರು 6 ಮಿಲಿವೋಲ್ಟ್‌ಗೆ ಬರುತ್ತದೆ. ಕಡೆಯದಾಗಿ ಆ ಎರಡು 4.7ಕೆ ಬದಲು ಟಿಎಲ್‌ಇ 2426 ಎಂಬ ಮೂರು ಕಾಲಿನ ಐಸಿ ಹಾಕಿ. ವೋಲ್ಟೇಜನ್ನು ಸರಿಯಾಗಿ ಅರ್ಧ ಮಾಡಲೆಂದೇ ಇರುವ ಐಸಿ ಅದು, 20 ಮಿಲಿ ಆಂಪಿಯರ್‌ವರೆಗೆ ನಡುಬಿಂದುವನ್ನು ಅಲುಗಾಡದಂತೆ ಹಿಡಿದಿಡುತ್ತದೆ.

ಒಂದು ಐಸಿ ಬದಲಿಸಲು ಎಷ್ಟು ಬಿಡಿಭಾಗ ಬದಲಿಸಬೇಕಾಯಿತು ನೋಡಿ. ಐಸಿ ಒಂಟಿಯಾಗಿ ಹಾಡುವುದಿಲ್ಲ, ತನ್ನ ಸುತ್ತ ಇರುವ ರೆಸಿಸ್ಟರ್, ಕೆಪಾಸಿಟರ್, ಬ್ಯಾಟರಿ, ಹೆಡ್‌ಫೋನ್ ಎಲ್ಲದರ ಜೊತೆ ಸೇರಿ ಹಾಡುತ್ತದೆ. ಈ ಅಂಕಣದ ಎಲ್ಲ ಪತ್ರಗಳಿಗೂ ನನ್ನ ಉತ್ತರದ ತಿರುಳು ಅದೇ.

ಈ ಅಭ್ಯಾಸವೊಂದನ್ನು ಎಲ್ಲರೂ ಮಾಡಿಕೊಳ್ಳಿ. ಹಳೆಯ 3.5 ಮಿಲಿಮೀಟರ್ ಪ್ಲಗ್‌ಗೆ ಎರಡು 33 ಓಮ್ ರೆಸಿಸ್ಟರ್ ಬೆಸುಗೆ ಹಾಕಿಟ್ಟುಕೊಳ್ಳಿ, ಎಡಕ್ಕೊಂದು, ಬಲಕ್ಕೊಂದು. ಐಸಿ ಬದಲಿಸಿದ ಪ್ರತಿ ಸಲವೂ ಮೊದಲು ಇದನ್ನು ಚುಚ್ಚಿ ಡಿಸಿ ಅಳೆಯಿರಿ. ಐದಾರು ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. 20 ದಾಟಿದರೆ ಹೆಡ್‌ಫೋನ್ ಹತ್ತಿರಕ್ಕೂ ತರಬೇಡಿ. ಡಯಾಫ್ರಂ ಸದಾ ಒಂದೇ ಕಡೆಗೆ ತಳ್ಳಿಸಿಕೊಂಡು ನಿಲ್ಲುತ್ತದೆ, ಸಣ್ಣ ಇಯರ್‌ಫೋನ್‌ನ ಕಾಯಿಲ್‌ಗಂತೂ ಅದು ಒಳ್ಳೆಯದಲ್ಲ. ನನ್ನ ಮೇಜಿನ ಮೇಲೆ ಇಂಥ ಪ್ಲಗ್ ಯಾವಾಗಲೂ ಇರುತ್ತದೆ. ಗಿರಾಕಿಯ ಹೆಡ್‌ಫೋನನ್ನು ಪರೀಕ್ಷೆಗೆ ಒಡ್ಡುವ ಹಕ್ಕು ನಮಗಿಲ್ಲ.

ಪ್ರಶ್ನೆ: ನನ್ನದು ಟಿಎಲ್ 072 ಹಾಕಿದ ಆಂಪ್. ಕಿವಿಯೊಳಗೆ ಕೂರುವ ಇಯರ್‌ಫೋನ್ ಹಾಕಿದರೆ ಹಾಡು ನಿಂತಾಗ ಸುಯ್ ಎನ್ನುವ ಸದ್ದು. ಯಾವ ಐಸಿ ಹಾಕಿದರೆ ಇದು ಹೋಗುತ್ತದೆ?
– ಶಾಲಾ ಶಿಕ್ಷಕಿ, ಹಾಸನ

ಮೊದಲು ಸುಯ್ ಯಾರದ್ದು ಎಂದು ಪತ್ತೆ ಮಾಡಿ ಮೇಡಂ. ವಾಲ್ಯೂಮ್ ಪೂರ್ತಿ ಕೆಳಗಿಳಿಸಿ. ಆಗಲೂ ಇದ್ದರೆ ಅದು ಆಂಪ್‌ನದ್ದು. ವಾಲ್ಯೂಮ್ ಏರಿಸಿದಂತೆ ಏರಿದರೆ ಅದು ಫೋನ್ ಅಥವಾ ಪ್ಲೇಯರ್‌ನಿಂದಲೇ ಬರುತ್ತಿದೆ. ಐಸಿ ಬದಲಿಸಿ ಪ್ರಯೋಜನವಿಲ್ಲ.

ಆಂಪ್‌ನದ್ದೇ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. 072ರ ಗದ್ದಲ ಡೇಟಾಶೀಟ್ (ತಯಾರಕರ ಮಾಹಿತಿ ಹಾಳೆ) ಪ್ರಕಾರ ಒಂದು ಹರ್ಟ್ಜ್‌ನ ವರ್ಗಮೂಲಕ್ಕೆ 18 ನ್ಯಾನೋವೋಲ್ಟ್, 2134ರದ್ದು 8. ನಮ್ಮ ಕಿವಿಗೆ ಕೇಳುವ 20 ಸಾವಿರ ಹರ್ಟ್ಜ್ ಅಗಲಕ್ಕೆ, 11 ಪಟ್ಟು ಗೇನ್ ಆದ ಮೇಲೆ, 072ರಿಂದ ಸುಮಾರು 28 ಮೈಕ್ರೋವೋಲ್ಟ್ ಹೊರಬರುತ್ತದೆ. 16 ಓಮ್‌ನ, 1 ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಕೂಗುವ ಇಯರ್‌ಫೋನ್‌ನಲ್ಲಿ ಅದು ಅಂದಾಜು 37 ಡೆಸಿಬೆಲ್. ರಾತ್ರಿ ಮಲಗುವ ಕೋಣೆಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. 2134 ಹಾಕಿದರೆ 7 ಡೆಸಿಬೆಲ್ ಇಳಿದು 30 ಆಗುತ್ತದೆ.

ಐಸಿ ಮುಟ್ಟದೆ ಗೇನನ್ನು 11ರಿಂದ 3ಕ್ಕೆ ಇಳಿಸಿದರೆ? 11 ಡೆಸಿಬೆಲ್ ಇಳಿಯುತ್ತದೆ. ಎರಡು ಕಡೆಯ ಎರಡು ರೆಸಿಸ್ಟರ್ ಬದಲಿಸುವ ಕೆಲಸ ಅಷ್ಟೇ, ಟೀ ಕುಡಿಯುವ ಕಾಸೂ ಖರ್ಚಾಗುವುದಿಲ್ಲ. ಇಯರ್‌ಫೋನ್‌ಗೆ 11 ಪಟ್ಟು ಗೇನ್ ಬೇಕಾಗಿಯೂ ಇಲ್ಲ. ನೀವು ವಾಲ್ಯೂಮ್ ಪಾಟನ್ನು ಮೊದಲ ಕಾಲು ಸುತ್ತಿನಲ್ಲೇ ಬಳಸುತ್ತಿರಬೇಕು. ಆ ಜಾಗದಲ್ಲಿ ಪಾಟ್‌ನ ಎಡ-ಬಲ ಸಮ ಇರುವುದಿಲ್ಲ, ಒಂದು ಕಿವಿ ಜೋರು ಒಂದು ಕಿವಿ ಮೆತ್ತಗೆ ಕೇಳುವುದು ಅದಕ್ಕೇ. ಗೇನ್ ಇಳಿಸಿದರೆ ಆ ಕಾಟವೂ ಹೋಗುತ್ತದೆ. ಮೊದಲು ಇದನ್ನು ಮಾಡಿ. ಸಾಲದಿದ್ದರೆ 2134 ಹಾಕಿ. ಎರಡೂ ಸೇರಿದರೆ 18 ಡೆಸಿಬೆಲ್‌ನಷ್ಟು ಇಳಿದು ಸುಯ್ ಕಿವಿಗೆ ಸಿಗುವುದು ಕಷ್ಟ.

ಪ್ರಶ್ನೆ: ಓಪಿಎ 627 ಎಲ್ಲಕ್ಕಿಂತ ಶ್ರೇಷ್ಠ ಎನ್ನುತ್ತಾರೆ. ಇದೇ ಎಂಟು ಕಾಲಿನ ಬೇಸ್‌ಗೆ ನೇರ ಹಾಕಬಹುದೇ?
– ಓದುಗರು, ಬಳ್ಳಾರಿ

ಖಂಡಿತ ಹಾಕಬೇಡಿ. 627 ಒಂಟಿ, ಅಂದರೆ ಅದರೊಳಗೆ ಆಂಪ್ ಒಂದೇ; ನಿಮ್ಮ ಬೇಸ್ ಎರಡು ಆಂಪ್ ಇರುವ ಜೋಡಿ ಐಸಿಗೆ. ಜೋಡಿಯಲ್ಲಿ ಪ್ಲಸ್ ಸಪ್ಲೈ 8ನೇ ಕಾಲಿಗೆ, ಒಂಟಿಯಲ್ಲಿ 7ನೇ ಕಾಲಿಗೆ. ಎರಡಕ್ಕೂ ಕಾಲು ಎಂಟೇ ಇರುವುದರಿಂದ ಬೇಸ್ ತಡೆಯುವುದಿಲ್ಲ, ಕೂತುಬಿಡುತ್ತದೆ. ಎರಡು ಒಂಟಿ ಐಸಿಗಳನ್ನು ಒಂದು ಜೋಡಿ ಬೇಸ್‌ಗೆ ಹೊಂದಿಸುವ ಪುಟ್ಟ ಅಡಾಪ್ಟರ್ ಬೋರ್ಡ್ ಸಿಗುತ್ತದೆ, ಹಾಗೆ ಮಾಡಬಹುದು. ಆದರೆ ಅದಕ್ಕೆ ಮುನ್ನ ಮುಂದಿನ ಉತ್ತರ ಓದಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಓಪಿಎ 2134 ಒಂದು ಕಡೆ ಬಹಳ ದುಬಾರಿ, ಇನ್ನೊಂದು ಕಡೆ ಅದರ ಹತ್ತನೇ ಒಂದು ಪಾಲು ಬೆಲೆ. ಫೋಟೊದಲ್ಲಿ ಎರಡೂ ಒಂದೇ ಥರ. ನಕಲಿ ಗುರುತಿಸುವುದು ಹೇಗೆ?
– ಖಾಸಗಿ ಕಂಪನಿ ನೌಕರ, ತುಮಕೂರು

ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ. ‘ಹೊಸ ಐಸಿ ಹಾಕಿದೆ, ವ್ಯತ್ಯಾಸವೇ ಇಲ್ಲ’ ಅಥವಾ ‘ಕೆಟ್ಟದಾಯಿತು’ ಎನ್ನುವವರಲ್ಲಿ ಎಷ್ಟೋ ಜನ ಹಾಕಿರುವುದು ಆ ಐಸಿಯನ್ನೇ ಅಲ್ಲ.

ಓಪಿಎ ಸರಣಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನ ಬರ್-ಬ್ರೌನ್ ಕಂಪನಿಯದು. 2000ದಲ್ಲಿ ಅದನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. 1985ರಲ್ಲೇ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಕಂಪನಿ ಅದು. ದುಬಾರಿ ಐಸಿಗೆ ನಕಲಿ ಹುಟ್ಟುವುದು ಸಹಜ. ಬಳ್ಳಾರಿಯವರು ಕೇಳಿದ 627ರ ಕತೆ ಕೇಳಿ: ಅಗ್ಗಕ್ಕೆ ಸಿಕ್ಕ ಒಂದು 627ರ ಕಪ್ಪು ಹೊದಿಕೆ ಕರಗಿಸಿ, ಒಳಗಿನ ಸಿಲಿಕಾನ್ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿದ್ದದ್ದು ಅನಲಾಗ್ ಡಿವೈಸಸ್‌ನ ಎಡಿ 744 ಎಂಬ ಬೇರೆಯೇ ಐಸಿ. ಮೇಲಿನ ಬರಹ ಕೆರೆದು ಹೊಸ ಹೆಸರು ಬರೆದಿದ್ದರು. ಅದೂ ಒಳ್ಳೆಯ ಐಸಿಯೇ ಆದ್ದರಿಂದ ಹಾಕಿದವರಿಗೆ ಅನುಮಾನವೇ ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಹತ್ತಿಗೆ ಒಂದು ಹನಿ ಅಸಿಟೋನ್ ಹಾಕಿ ಐಸಿಯ ತಲೆ ಉಜ್ಜಿ. ಲೇಸರ್‌ನಿಂದ ಕೊರೆದ ಬರಹ ಹೋಗುವುದಿಲ್ಲ. ಕಪ್ಪು ಬಣ್ಣವೇ ಹತ್ತಿಗೆ ಹತ್ತಿಕೊಂಡರೆ ಮೇಲ್ಮೈಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ ಎಂದರ್ಥ. ಇದರಲ್ಲಿ ಪಾಸಾದ ಮಾತ್ರಕ್ಕೆ ಅಸಲಿ ಎನ್ನುವಂತಿಲ್ಲ.

ಮುಂದೆ ಬ್ರೆಡ್‌ಬೋರ್ಡ್ ತೆಗೆದುಕೊಳ್ಳಿ. 8ಕ್ಕೆ ಪ್ಲಸ್, 4ಕ್ಕೆ ಮೈನಸ್, ಎರಡು 9 ವೋಲ್ಟ್ ಬ್ಯಾಟರಿ ಸರಣಿಯಲ್ಲಿ, ಅವುಗಳ ಕೂಡುವ ಜಾಗ ಗ್ರೌಂಡ್. 1 ಮತ್ತು 2ನೇ ಕಾಲು ಸೇರಿಸಿ. 3ನೇ ಕಾಲಿನಿಂದ ಗ್ರೌಂಡ್‌ಗೆ 1 ಮೆಗಾ ಓಮ್. ಇನ್ನೊಂದು ಅರ್ಧವನ್ನು ತೇಲಲು ಬಿಡಬೇಡಿ: 6 ಮತ್ತು 7 ಸೇರಿಸಿ, 5ನ್ನು ಗ್ರೌಂಡ್‌ಗೆ ಕೊಡಿ. ಈಗ 1ನೇ ಕಾಲಿನಲ್ಲಿ ಡಿಸಿ ಅಳೆಯಿರಿ. ಅಸಲಿ 2134 ಒಂದೆರಡು ಮಿಲಿವೋಲ್ಟ್ ತೋರಿಸುತ್ತದೆ. ಒಳಗೆ 5532 ಇದ್ದರೆ 200 ಮಿಲಿವೋಲ್ಟ್ ಆಸುಪಾಸು. ನಮ್ಮ ಅಗ್ಗದ ಕಿಟ್‌ಗಳಲ್ಲೆಲ್ಲ ಸಿಗುವ 4558 ಇದ್ದರೂ ಹತ್ತಾರು ಮಿಲಿವೋಲ್ಟ್ ನಿಂತಿರುತ್ತದೆ. ದಾವಣಗೆರೆ ವಿದ್ಯಾರ್ಥಿಯನ್ನು ಕಾಡಿದ ಅದೇ ಇನ್‌ಪುಟ್ ಕರೆಂಟ್ ಇಲ್ಲಿ ಪತ್ತೇದಾರನ ಕೆಲಸ ಮಾಡುತ್ತದೆ.

072 ಕೂಡ ಫೆಟ್ ಇನ್‌ಪುಟ್‌ನದ್ದೇ, ಹಾಗಾಗಿ ಅದರ ಮೇಲೆ 2134 ಎಂದು ಬರೆದಿದ್ದರೆ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಬ್ಯಾಟರಿ ತಂತಿಯಲ್ಲಿ ಮೀಟರ್ ಸೇರಿಸಿ ಕರೆಂಟ್ ನೋಡಿ. 2134 ಸುಮ್ಮನಿದ್ದಾಗಲೂ ಎರಡೂ ಅರ್ಧ ಸೇರಿ ಸುಮಾರು 8 ಮಿಲಿ ಆಂಪಿಯರ್ ಕುಡಿಯುತ್ತದೆ, 072 ಸುಮಾರು 3. ಎರಡು ಪರೀಕ್ಷೆಯಲ್ಲೂ ಗೆದ್ದ ಐಸಿಯನ್ನು ನಾನು ನಂಬಿ ಹಾಕುತ್ತೇನೆ.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರು ಮೊದಲು ಒಂದೇ ಒಂದು ಕೊಂಡು ಈ ಪರೀಕ್ಷೆ ಮಾಡಿ, ಆಮೇಲೆ ಹೆಚ್ಚು ಕೊಳ್ಳಿ. ಕಂಪನಿಯ ಅಧಿಕೃತ ವಿತರಕರಿಂದ ತರಿಸಿದರೆ ಈ ಪಾಡೇ ಇಲ್ಲ. ನಾಲ್ಕೈದು ಜನ ಗೆಳೆಯರು ಸೇರಿ ಒಟ್ಟಿಗೆ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ.

ಪ್ರಶ್ನೆ: ಸರ್, ನಾನು ಪುಣೆಯಲ್ಲಿರುವ ಕನ್ನಡಿಗ. ಸೆನ್‌ಹೈಸರ್ ಎಚ್‌ಡಿ 650, 300 ಓಮ್. ನಿಮ್ಮ ಆಂಪ್‌ನಲ್ಲಿ ಹಾಡು ಇಂಪಾಗಿದೆ, ಆದರೆ ವಾದ್ಯಗಳು ಒಟ್ಟಿಗೆ ಏರಿದಾಗ ದನಿ ಇಕ್ಕಟ್ಟಾಗುತ್ತದೆ. ಇದಕ್ಕೆ ಯಾವ ಐಸಿ?
– ಸಾಫ್ಟ್‌ವೇರ್ ಉದ್ಯೋಗಿ

ಐಸಿ ಅಲ್ಲ, ವೋಲ್ಟೇಜ್. ಹೊಸ ಬ್ಯಾಟರಿಯ 9 ವೋಲ್ಟನ್ನು ಅರ್ಧ ಮಾಡಿದರೆ ಪ್ಲಸ್-ಮೈನಸ್ 4.5. ಐಸಿಯ ಔಟ್‌ಪುಟ್ ಸಪ್ಲೈನ ತುದಿವರೆಗೆ ಹೋಗಲಾರದು, ಸುಮಾರು 2 ವೋಲ್ಟ್ ಮುಂಚೆಯೇ ನಿಲ್ಲುತ್ತದೆ. ಉಳಿದದ್ದು 2.5. 300 ಓಮ್‌ಗೆ ಅದು 10 ಮಿಲಿವ್ಯಾಟ್. ಬ್ಯಾಟರಿ 7 ವೋಲ್ಟ್‌ಗೆ ಇಳಿದಾಗ ಉಳಿಯುವುದು 1.5 ವೋಲ್ಟ್, 4 ಮಿಲಿವ್ಯಾಟ್‌ಗೂ ಕಡಿಮೆ. ನಿಮ್ಮ ಕಿವಿಗೆ ಇಕ್ಕಟ್ಟು ಅನ್ನಿಸಿದ್ದು ಸರಿಯಾಗಿಯೇ ಇದೆ. ಹಾಡು ಏರಿದಾಗ ಐಸಿ ತಲೆ ಎತ್ತಲು ಸೂರು ಅಡ್ಡ ಬರುತ್ತಿದೆ.

ಎರಡು ಬ್ಯಾಟರಿ ಹಾಕಿ. ಪ್ಲಸ್-ಮೈನಸ್ 9 ಸಿಕ್ಕರೆ ಅದೇ 2134 ಸುಮಾರು 7 ವೋಲ್ಟ್‌ವರೆಗೆ ಏರುತ್ತದೆ, 80 ಮಿಲಿವ್ಯಾಟ್. ಇದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಎರಡು ಬ್ಯಾಟರಿ ಕೂಡುವ ಜಾಗವೇ ನಿಜವಾದ ನಡುಬಿಂದು. 4.7ಕೆಗಳನ್ನು ಕಿತ್ತು ಬಿಸಾಡಿ, ನಡು ಜಾರುವ ಪ್ರಶ್ನೆಯೇ ಬರುವುದಿಲ್ಲ. ದಾವಣಗೆರೆಯವರಿಗೂ ಟಿಎಲ್‌ಇ 2426 ಸಿಗದಿದ್ದರೆ ಈ ದಾರಿ ಆಗುತ್ತದೆ.

ಸ್ವಿಚ್ ಮಾತ್ರ ಎರಡೂ ಬ್ಯಾಟರಿಯನ್ನು ಒಟ್ಟಿಗೆ ಕಡಿಯುವ ಎರಡು ದಾರಿಯದ್ದೇ ಇರಬೇಕು. ಒಂದೇ ಬ್ಯಾಟರಿ ಉಳಿದರೆ ಔಟ್‌ಪುಟ್‌ನಲ್ಲಿ ಡಿಸಿ ನುಗ್ಗುತ್ತದೆ. ಹಾಗೇ ಒಂದು ಹಳೆಯದು ಒಂದು ಹೊಸದು ಹಾಕಬೇಡಿ. ಕೆಪಾಸಿಟರ್‌ಗಳು 16 ವೋಲ್ಟ್ ಅಥವಾ ಮೇಲಿನವು ಇರಲಿ. ರೀಚಾರ್ಜ್ ಆಗುವ ನಿಕಲ್ ಬ್ಯಾಟರಿ ಕೊಳ್ಳುವಾಗ ‘9 ವೋಲ್ಟ್’ ಎಂಬ ಆಕಾರ ನೋಡಿ ಮೋಸ ಹೋಗಬೇಡಿ, ಕೆಲವು 7.2 ವೋಲ್ಟ್, ಕೆಲವು 8.4, ಮೇಲೆ ಬರೆದಿರುತ್ತದೆ.

ಪ್ರಶ್ನೆ: ಮೊಬೈಲ್‌ಗೆ ಚುಚ್ಚುವ ಟೈಪ್-ಸಿ ಡಾಂಗಲ್ ಬಿಚ್ಚಿ ಒಳಗಿನ ಐಸಿ ಬದಲಿಸಬಹುದೇ?
– ಓದುಗರು, ಕಲಬುರಗಿ

ಬೇಡ. ಸಾಧಾರಣ ಡಾಂಗಲ್‌ಗಳಲ್ಲಿ ಡಿಜಿಟಲ್‌ನಿಂದ ದನಿಗೆ ಬದಲಿಸುವುದೂ ಹೆಡ್‌ಫೋನ್ ಓಡಿಸುವುದೂ ಒಂದೇ ಐಸಿ. ಅಕ್ಕಿಕಾಳಿನಷ್ಟು ಗಾತ್ರ, ಕಾಲುಗಳು ಹೊಟ್ಟೆಯ ಕೆಳಗೆ. ಅದಕ್ಕೆ ಬದಲಿ ಎಂಬುದು ಇಲ್ಲ. ಕೊಳ್ಳುವಾಗಲೇ ನೋಡಿ ಕೊಳ್ಳಿ.

ಪ್ರಶ್ನೆ: ಎಡಿ 8066 ಬಹಳ ವೇಗದ ಐಸಿ ಎಂದು ಅಡಾಪ್ಟರ್ ಮೇಲೆ ಬೆಸುಗೆ ಹಾಕಿ ಬೇಸ್‌ಗೆ ಕೂರಿಸಿದೆ. ಐಸಿ ಮುಟ್ಟಲಾಗದಷ್ಟು ಬಿಸಿ, ಬ್ಯಾಟರಿ ಬೇಗ ಖಾಲಿ. ದನಿ ಬರುತ್ತದೆ, ಆದರೆ ಒರಟು.
– ಎಲೆಕ್ಟ್ರಿಷಿಯನ್, ಶಿರಸಿ

ನಿಮ್ಮ ಆಂಪ್ ಈಗ ಟ್ರಾನ್ಸ್‌ಮಿಟರ್ ಆಗಿದೆ. ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ಆಸಿಲೇಟ್ ಆಗುತ್ತಿದೆ, ಅಂದರೆ ಸಿಗ್ನಲ್ ಇಲ್ಲದೆಯೂ ತಾನೇ ತಾನಾಗಿ ಕಂಪಿಸುತ್ತಿದೆ. 8066 ಮೂಲತಃ 145 ಮೆಗಾಹರ್ಟ್ಜ್‌ವರೆಗೆ ಓಡುವ ಐಸಿ, 2134 ಓಡುವುದು 8ರವರೆಗೆ. ಅಷ್ಟು ವೇಗದ್ದನ್ನು ಡಾಟ್ ಬೋರ್ಡ್, ಬೇಸ್, ಅದರ ಮೇಲೆ ಅಡಾಪ್ಟರ್ ಎಂದು ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿ ಕೂರಿಸಿದರೆ ಸಪ್ಲೈಗೆ ಹೋಗುವ ದಾರಿಯ ಪ್ರತಿ ಅರ್ಧ ಇಂಚೂ ಅದಕ್ಕೆ ಕಾಯಿಲ್ ಆಗುತ್ತದೆ.

ಮೊದಲು ಕರೆಂಟ್ ಅಳೆಯಿರಿ, ಡೇಟಾಶೀಟ್‌ನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚಿದ್ದರೆ ರೋಗ ಖಚಿತ. ಒಂದು 0.1 ಮೈಕ್ರೋಫ್ಯಾರಡ್ ಸಿರಾಮಿಕ್ ಕೆಪಾಸಿಟರನ್ನು ಬೋರ್ಡ್ ಮೇಲಲ್ಲ, ಅಡಾಪ್ಟರ್ ಮೇಲೆಯೇ 4 ಮತ್ತು 8ನೇ ಕಾಲಿನ ನಡುವೆ ಹಾಕಿ, ಕಾಲು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಹೆಡ್‌ಫೋನ್‌ಗೆ ಹೋಗುವ ಎರಡು ತಂತಿಯಲ್ಲೂ ಒಂದೊಂದು 4.7 ಓಮ್ ಸೇರಿಸಿ, ಹೆಡ್‌ಫೋನ್ ತಂತಿಯ ಕೆಪಾಸಿಟೆನ್ಸ್ ಐಸಿಯನ್ನು ಕೆಣಕುವುದು ತಪ್ಪುತ್ತದೆ. ಇಷ್ಟಕ್ಕೂ ನಿಲ್ಲದಿದ್ದರೆ 2134ಕ್ಕೆ ಮರಳಿ. ಅದರ 8 ಮೆಗಾಹರ್ಟ್ಜ್ ನಮ್ಮ ಕಿವಿಗೆ ಧಾರಾಳ.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ, ಹಾಸನದವರಂತೆ ಗೇನ್ ಇಳಿಸುವವರಿಗೆ. ಕೆಲವು ಐಸಿಗಳು ಕಡಿಮೆ ಗೇನ್‌ನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಓಪಿಎ 2227 ಎಷ್ಟು ಗೇನ್‌ಗೂ ಸೈ, ಅದರ ಅವಳಿಯಂತಿರುವ 2228ಕ್ಕೆ ಕನಿಷ್ಠ 5 ಬೇಕು. 627ರ ಅವಳಿ 637ಕ್ಕೂ 5. ಹೆಸರಿನಲ್ಲಿ ಒಂದೇ ಅಂಕಿಯ ಅಂತರ, ನಡವಳಿಕೆಯಲ್ಲಿ ಅಜಗಜಾಂತರ. ಡೇಟಾಶೀಟ್‌ನ ಮೊದಲ ಪುಟದಲ್ಲೇ ಬರೆದಿರುತ್ತಾರೆ, ದಯವಿಟ್ಟು ಓದಿ.

ಐಸಿ ಕೀಳುವಾಗಲೂ ಅವಸರ ಬೇಡ. ಬೆರಳಿನಿಂದ ಎಳೆದರೆ ಒಂದು ತುದಿ ಮೊದಲು ಎದ್ದು ಇನ್ನೊಂದು ತುದಿಯ ಕಾಲು ಮಡಚಿಕೊಳ್ಳುತ್ತದೆ. ಚಪ್ಪಟೆ ಮೂತಿಯ ಸಣ್ಣ ಸ್ಕ್ರೂಡ್ರೈವರನ್ನು ಐಸಿ ಮತ್ತು ಬೇಸ್ ನಡುವೆ ತೂರಿಸಿ, ಈ ತುದಿ ಕೂದಲೆಳೆಯಷ್ಟು, ಆ ತುದಿ ಕೂದಲೆಳೆಯಷ್ಟು ಎಂದು ಸರದಿಯಲ್ಲಿ ಎತ್ತಿ. ಹೊಸದನ್ನು ಕೂರಿಸುವ ಮುನ್ನ ಅದರ ಕಾಲುಗಳನ್ನು ಮೇಜಿನ ಮೇಲೆ ಪಕ್ಕಕ್ಕೆ ಒತ್ತಿ ನೇರ ಮಾಡಿಕೊಳ್ಳಿ; ಕಾರ್ಖಾನೆಯಿಂದ ಬಂದಾಗ ಸ್ವಲ್ಪ ಅಗಲವಾಗಿಯೇ ಇರುತ್ತವೆ. ತಲೆಯ ಮೇಲಿನ ಕಚ್ಚು ಬೇಸ್‌ನ ಕಚ್ಚಿನ ಕಡೆಗೇ ಇರಲಿ. ಬ್ಯಾಟರಿ ಬಿಚ್ಚಿರಲಿ.

ಪ್ರಶ್ನೆ: ನಾನು 2134 ಮತ್ತು ಎಲ್‌ಎಂ 4562 ಎರಡನ್ನೂ ಹಾಕಿ ಕೇಳಿದೆ. 4562ರಲ್ಲಿ ತಂಬೂರಿಯ ಝೇಂಕಾರ ಹೆಚ್ಚು ಬಿಡಿಸಿ ಕೇಳುತ್ತದೆ ಎಂಬುದು ನನ್ನ ಅನುಭವ. ತಮ್ಮ ಅದೆಲ್ಲ ಮನಸ್ಸಿನ ಭ್ರಮೆ ಎನ್ನುತ್ತಾನೆ. ಯಾರು ಸರಿ?
– ಸಂಗೀತ ಶಿಕ್ಷಕಿ, ಉಡುಪಿ

ಅಮ್ಮಾ, ತಂಬೂರಿಯನ್ನು ಶ್ರುತಿ ಮಾಡಿ ಪಳಗಿದ ಕಿವಿ ನಿಮ್ಮದು, ಅದನ್ನು ನಾನು ಹಗುರವಾಗಿ ಕಾಣಲಾರೆ. ಇಬ್ಬರ ಮಾತನ್ನೂ ಪರೀಕ್ಷೆಗೆ ಒಡ್ಡೋಣ.

ಡೇಟಾಶೀಟ್ ನೋಡಿದರೆ 4562ರ ಗದ್ದಲ 2.7 ನ್ಯಾನೋವೋಲ್ಟ್, 2134ರ ಮೂರನೇ ಒಂದು ಪಾಲು. ವಿಕೃತಿಯೂ (ಸಿಗ್ನಲ್‌ನ ಆಕಾರ ಕೆಡುವುದು) ಕಡಿಮೆ. ಆದರೆ 2134ರ ವಿಕೃತಿಯೇ ಕಿವಿಗೆ ಸಿಗುವ ಮಟ್ಟಕ್ಕಿಂತ ಬಹಳ ಕೆಳಗಿದೆ. ಹಾಗಾಗಿ ಎರಡೂ ಅಸಲಿ, ಎರಡರ ಡಿಸಿಯೂ ಸರಿ, ಯಾವುದೂ ಆಸಿಲೇಟ್ ಆಗುತ್ತಿಲ್ಲ ಎಂದಾದರೆ ವ್ಯತ್ಯಾಸ ಬಲು ಸೂಕ್ಷ್ಮ ಇರಬೇಕು ಎಂಬುದು ನನ್ನ ನಿಲುವು. ಒಂದು ಐಸಿ ಕಿತ್ತು ಇನ್ನೊಂದು ಹಾಕುವಷ್ಟರಲ್ಲಿ ನಿಮಿಷಗಳೇ ಕಳೆದಿರುತ್ತವೆ, ವಾಲ್ಯೂಮ್ ಪಾಟ್ ಕೂದಲಷ್ಟು ಸರಿದಿರುತ್ತದೆ. ತುಸು ಜೋರಾಗಿರುವುದನ್ನು ಕಿವಿ ‘ಹೆಚ್ಚು ಸ್ಪಷ್ಟ’ ಎಂದೇ ಗ್ರಹಿಸುತ್ತದೆ. ಇದು ಎಲ್ಲರ ಕಿವಿಗೂ ಸಹಜ, ಭ್ರಮೆ ಎಂದು ಹಳಿಯುವ ವಿಷಯವಲ್ಲ.

ತಮ್ಮನಿಗೆ ಬೆಸುಗೆ ಬರುತ್ತದೆ ಎಂದು ಬರೆದಿದ್ದೀರಿ, ಅವರಿಗೂ ಕೆಲಸ ಕೊಡಿ. ಒಂದೇ ಬಗೆಯ ಎರಡು ಆಂಪ್ ಕಟ್ಟಲಿ, ಎರಡರ ಗೇನೂ 3. ಒಂದಕ್ಕೆ 2134, ಒಂದಕ್ಕೆ 4562. ಒಂದೇ ಪ್ಲೇಯರ್‌ನಿಂದ ಎರಡಕ್ಕೂ ಸಿಗ್ನಲ್. ಎರಡರ ಎಡ-ಬಲ ಔಟ್‌ಪುಟ್‌ಗಳನ್ನು ಒಂದು ಟಾಗಲ್ ಸ್ವಿಚ್‌ಗೆ ತಂದು ಅಲ್ಲಿಂದ ನಿಮ್ಮ ಹೆಡ್‌ಫೋನ್‌ಗೆ. ಹೆಡ್‌ಫೋನ್ ಚುಚ್ಚಿದ ಹಾಗೇ 200 ಹರ್ಟ್ಜ್‌ನ ನಾದ ಹಚ್ಚಿ, ಎಸಿ ಮಿಲಿವೋಲ್ಟ್ ಅಳೆದು ಎರಡೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬರದಂತೆ ಪಾಟ್ ಹೊಂದಿಸಿ. ಸಾವಿರ ಹರ್ಟ್ಜ್ ಬೇಡ, ಅಗ್ಗದ ಮೀಟರ್‌ಗಳನ್ನು ಅಷ್ಟು ಮೇಲೆ ನೆಚ್ಚುವಂತಿಲ್ಲ. ಹೊಂದಿಸಿದ ಮೇಲೆ ಪಾಟ್ ಮುಟ್ಟಬೇಡಿ.

ಆಮೇಲೆ ತಂಬೂರಿ ಹಚ್ಚಿ. ಮೊದಲು ಸ್ವಿಚ್ ನಿಮ್ಮ ಕೈಯಲ್ಲೇ ಇರಲಿ, ಯಾವುದು ಯಾವುದೆಂದು ತಿಳಿದುಕೊಂಡೇ ಬೇಕಾದಷ್ಟು ಹೊತ್ತು ಕೇಳಿ, ವ್ಯತ್ಯಾಸ ಎಲ್ಲಿ ಅಡಗಿದೆ ಎಂದು ಕಿವಿಗೆ ಗುರುತು ಮಾಡಿಕೊಳ್ಳಿ. ಬಳಿಕ ತಮ್ಮ ನಿಮ್ಮ ಬೆನ್ನ ಹಿಂದೆ ನಾಣ್ಯ ಚಿಮ್ಮಿ ಸ್ವಿಚ್ ಹಾಕಲಿ, ನೀವು ಯಾವುದೆಂದು ಹಾಳೆಯ ಮೇಲೆ ಬರೆಯಿರಿ. 16 ಸಲ. ದಣಿವಾದರೆ ನಡುವೆ ಎದ್ದು ಹೋಗಿ ಬನ್ನಿ, ಒಂದೇ ದಿನ ಮುಗಿಸಬೇಕೆಂದಿಲ್ಲ. 12 ಅಥವಾ ಹೆಚ್ಚು ಸರಿ ಬಂದರೆ ಅದು ಊಹೆಯಿಂದ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕೂ ಕಡಿಮೆ, ತಮ್ಮ ಒಪ್ಪಿಕೊಳ್ಳಲೇಬೇಕು. ಎಂಟೊಂಬತ್ತರ ಆಸುಪಾಸಿನಲ್ಲಿ ನಿಂತರೆ 2134 ಇಟ್ಟುಕೊಂಡು, ಇನ್ನೊಂದು ಐಸಿಗೆ ಎತ್ತಿಟ್ಟ ಹಣವನ್ನು ಒಳ್ಳೆಯ ಇಯರ್‌ಪ್ಯಾಡ್‌ಗೆ ಹಾಕಿ.

ಫಲಿತಾಂಶ ಏನೇ ಬರಲಿ, ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಯಾವ ಹೆಡ್‌ಫೋನ್, ಬ್ಯಾಟರಿ ಎಷ್ಟು ವೋಲ್ಟ್ ಇತ್ತು, ಎರಡೂ ಆಂಪ್‌ಗಳ ಔಟ್‌ಪುಟ್ ಡಿಸಿ ಎಷ್ಟಿತ್ತು ಎಂಬುದೂ ಪತ್ರದಲ್ಲಿರಲಿ.